ತುಂಗಭದ್ರೆಯ ಎಡದಂಡೆಯಲ್ಲಿ ಸ್ವದೇಶಿ–ವಿದೇಶಿ ವಾಹನ: ತುರ್ವಿಹಾಳ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ನಮ್ಮ ದೇಶದ ಮೋಟಾರು ಉದ್ಯಮದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕಾರಖಾನೆಯ ಬಾಗಿಲಲ್ಲಿಯೇ ನಿಂತುಬಿಟ್ಟಿದ್ದಾರೆ. ಯಾವ ವರ್ಷ ಯಾವ ಕಂಪನಿ ಸ್ಥಾಪಿತವಾಯಿತು, ಯಾವ ಪರದೇಶದ ಸಂಸ್ಥೆಯೊಡನೆ ಅದು ಒಪ್ಪಂದ ಮಾಡಿಕೊಂಡಿತು, ಸರಕಾರ ಎಷ್ಟು ಸುಂಕ ವಿಧಿಸಿತು ಎಂಬ ವಿವರಗಳು ಗ್ರಂಥಗಳಲ್ಲಿ ಧಾರಾಳವಾಗಿ ದೊರೆಯುತ್ತವೆ. ಗಾಡಿಯನ್ನು ಕೊಂಡವನು ಅದರ ವಿಷಯವಾಗಿ ಏನೆಂದುಕೊಂಡನು, ಸ್ವದೇಶಿ ಯಂತ್ರವನ್ನು ಯಾವ ಕಾರಣದಿಂದ ಹೊಗಳಿದನು ಅಥವಾ ತೆಗಳಿದನು, ಅದು ಕೆಟ್ಟು ನಿಂತಾಗ ಎಲ್ಲಿಗೆ ಹೋದನು ಎಂಬ ಪ್ರಶ್ನೆಗಳಿಗೆ ಮಾತ್ರ ಆ ಗ್ರಂಥಗಳಲ್ಲಿ ಉತ್ತರವಿಲ್ಲ. ಪ್ರಕೃತ ಲೇಖನದಲ್ಲಿ ಈ ಎರಡನೆಯ ಬಗೆಯ ಪ್ರಶ್ನೆಗಳನ್ನು ರಾಯಚೂರು ಜಿಲ್ಲೆಯ ತುರ್ವಿಹಾಳ ಸೀಮೆಯನ್ನು ಮುಂದಿಟ್ಟುಕೊಂಡು ವಿವೇಚಿಸಲು ಯತ್ನಿಸಿದ್ದೇವೆ.

ತುರ್ವಿಹಾಳವು ಸಿಂಧನೂರಿಗೆ ಪಶ್ಚಿಮದಲ್ಲಿ, ಇಪ್ಪತ್ತು ಕಿಲೋಮೀಟರಿನೊಳಗೆ ಇರುವ ಊರು. ತಾಲ್ಲೂಕು ಸಿಂಧನೂರು, ವಿಧಾನಸಭೆಯ ಕ್ಷೇತ್ರ ಮಸ್ಕಿ. ಮೋಟಾರಿನ ಇತಿಹಾಸಕ್ಕೆ ಇಂಥ ಊರನ್ನು ಆರಿಸಿಕೊಂಡದ್ದೇಕೆಂದು ವಾಚಕರು ಕೇಳಬಹುದು. ಮುಂಬಯಿಯ ಅಥವಾ ಬೆಂಗಳೂರಿನ ಕಾರು ಶೋಕಿಗಾರನಿಗೆ ಗಾಡಿಯ ಗುಣದೋಷವು ರುಚಿಯ ಮಾತು. ಗಾಡಿ ನಿಂತರೆ ಅವನು ಟ್ರಾಮು ಹತ್ತಿಯೋ ಬಾಡಿಗೆ ಕಾರಿನಲ್ಲೋ ಕಚೇರಿಗೆ ಹೋಗಬಹುದಾಗಿತ್ತು. ಎಡದಂಡೆಯ ಒಕ್ಕಲಿಗನಿಗೆ ಕಾಲುವೆಯ ನೀರು ಬಿಟ್ಟ ಹದಿನೈದು ದಿನಗಳಲ್ಲಿ ಟ್ರ್ಯಾಕ್ಟರು ನಿಂತಿತೆಂದರೆ ಆ ವರ್ಷದ ನಾಟಿಯೇ ಹಿಂದೆ ಬೀಳುತ್ತದೆ. ಆದುದರಿಂದ ಸ್ವದೇಶಿಯೋ ವಿದೇಶಿಯೋ ಎಂಬ ವಿವಾದವು ತನ್ನ ನಿಜವಾದ ಪರೀಕ್ಷೆಯನ್ನು ಎದುರಿಸಿದ್ದು ಇಂಥ ಊರುಗಳಲ್ಲಿ ಎಂದು ನಮ್ಮ ಮತ.

ನಿಜಾಮರ ಆಳ್ವಿಕೆಯ ಕಾಲದಿಂದ ಆರಂಭಿಸುವುದು ಉಚಿತ. ರಾಯಚೂರಿಗೆ ರೈಲು ಬಂದುದು 1871ರಲ್ಲಿ. ಮುಂಬಯಿಯ ಕಡೆಯ ದಾರಿಯೂ ಮದರಾಸಿನ ಕಡೆಯ ದಾರಿಯೂ ಅಲ್ಲಿ ಕೂಡಿದವು. ಆದರೆ ಸಿಂಧನೂರು ತಾಲ್ಲೂಕು ಆ ದಾರಿಯಿಂದ ದೂರದಲ್ಲಿ ಉಳಿಯಿತು. 2024ರವರೆಗೂ ಸಿಂಧನೂರಿಗೆ ರೈಲು ಬಂದಿರಲಿಲ್ಲವೆಂದರೆ ಸ್ಥಿತಿ ಊಹಿಸಬಹುದು. ಹೀಗಾಗಿ ಈ ಸೀಮೆಗೆ ಬಂದ ಪ್ರತಿಯೊಂದು ಯಂತ್ರವೂ, ಅದರ ಪ್ರತಿಯೊಂದು ಬಿಡಿಭಾಗವೂ ರಸ್ತೆಯ ಮೇಲೆಯೇ ಬರಬೇಕಾಗಿದ್ದಿತು. ಆ ರಸ್ತೆಯಾದರೋ ಎರೆಭೂಮಿಯ ರಸ್ತೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಹತ್ತಿಕೊಂಡರೆ ಬಂಡಿಯ ಎತ್ತುಗಳೇ ನಿಂತುಬಿಡುತ್ತವೆ ಎಂಬುದು ಆ ಭಾಗದವರೆಲ್ಲರಿಗೂ ವಿದಿತವೇ ಇದೆ.

ಹೈದರಾಬಾದು ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ಸುಂಕದ ಕಟ್ಟೆಗಳಿದ್ದವು. ಹಾಲಿ ಸಿಕ್ಕಾದ 7 ರೂಪಾಯಿ ಬ್ರಿಟಿಷ್ ಇಂಡಿಯದ ಕಲ್ದಾರಿನ ಸುಮಾರು 6 ರೂಪಾಯಿಗೆ ಸಮ. ಹೊರಗಿನಿಂದ ಬರುವ ಸರಕಿನ ಮೇಲೆ ಕರೋಡಗಿರಿ ಇಲಾಖೆಯವರು ಸುಂಕ ವಸೂಲು ಮಾಡುತ್ತಿದ್ದರು. ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದಿತಷ್ಟೆ. ಇದರ ಅರ್ಥವನ್ನು ತುಸು ಆಲೋಚಿಸಬೇಕು: ತುರ್ವಿಹಾಳದ ಸಾಹುಕಾರನೊಬ್ಬನಿಗೆ ಬಳ್ಳಾರಿಯಿಂದ ಹೊಳೆ ದಾಟಿ ಬಂದ ಮೋಟಾರು ಟೈರು ಕೂಡ ಒಂದು ಬಗೆಯ ಆಮದಿನ ಮಾಲೇ. ಸ್ವದೇಶ, ವಿದೇಶ ಎಂಬ ಶಬ್ದಗಳ ಗಡಿ ಅಂದು ನಾವು ಇಂದು ಎಣಿಸುವ ಸ್ಥಳದಲ್ಲಿರಲಿಲ್ಲ. ಹೈದರಾಬಾದು ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮಾತ್ರ ಆ ಗಡಿ ಅಳಿಯಿತೆಂದು ಹೇಳಬಹುದು.

ಆ ಕಾಲದಲ್ಲಿ ಸಾಮಾನ್ಯ ಜನ ಕಂಡ ಮೋಟಾರು ಎಂದರೆ ಬಸ್ಸು. ನಿಜಾಮ್ ಸರಕಾರವು ತನ್ನ ರೈಲ್ವೆಯ ಅಂಗವಾಗಿ 1932ರ ಜೂನಿನಲ್ಲಿ ರಸ್ತೆ ಸಾರಿಗೆ ಇಲಾಖೆಯನ್ನು 27 ಬಸ್ಸುಗಳೊಡನೆ ಆರಂಭಿಸಿತು. ಅವು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಗಾಡಿಗಳು; ಅವುಗಳಲ್ಲೊಂದನ್ನು ಹೈದರಾಬಾದಿನಲ್ಲಿ ಸಂರಕ್ಷಿಸಿ ಇಟ್ಟಿದ್ದಾರೆ. ಇಲ್ಲಿ ಗಮನಾರ್ಹವಾದ ಅಂಶವೊಂದಿದೆ. ಸರಕಾರ ವಿದೇಶಿ ಯಂತ್ರವನ್ನು ಕೊಂಡಾಗ ಅದರೊಡನೆ ದುರಸ್ತಿ ಶಾಲೆಯನ್ನೂ, ಬಿಡಿಭಾಗಗಳ ಉಗ್ರಾಣವನ್ನೂ, ಸಂಬಳದ ಮಿಸ್ತ್ರಿಗಳನ್ನೂ ತಾನೇ ಕಟ್ಟಿಕೊಂಡಿತು. ಮಾರಿದವನ ದಾಕ್ಷಿಣ್ಯ ಅದಕ್ಕೆ ಬೇಕಾಗಿರಲಿಲ್ಲ. ಒಂದೇ ಗಾಡಿಯ ಮಾಲೀಕನಿಗೆ ಈ ಸೌಕರ್ಯವೆಲ್ಲಿಯದು? ಅವನು ಹೈದರಾಬಾದಿನ ಏಜೆಂಟನಿಗೆ ಕಾಗದ ಬರೆದು ಕಾಯಬೇಕು. ಕೊಳ್ಳುವವರಲ್ಲಿ ಈ ಎರಡು ಜಾತಿಗಳಿವೆ ಎಂಬುದನ್ನು ಮುಂದಿನ ಚರ್ಚೆಯಲ್ಲಿ ಮರೆಯಲಾಗದು.

ಸ್ವಾತಂತ್ರ್ಯಪೂರ್ವದಲ್ಲಿ ಸ್ವದೇಶಿ ಮೋಟಾರೆಂಬುದೇ ಇರಲಿಲ್ಲ. ಜನರಲ್ ಮೋಟಾರ್ಸ್ ಕಂಪನಿ 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಯ ಆರಂಭಿಸಿತಾದರೂ ಅಲ್ಲಿ ನಡೆಯುತ್ತಿದ್ದುದು ಹೊರಗಿನಿಂದ ಬಂದ ಭಾಗಗಳನ್ನು ಕೂಡಿಸುವ ಕೆಲಸ. ಆಗಿನ ಆಯ್ಕೆ ಇಂಗ್ಲಿಷ್ ಗಾಡಿಗೂ ಅಮೆರಿಕನ್ ಗಾಡಿಗೂ ನಡುವಿನದು. ಅಮೆರಿಕನ್ ಗಾಡಿ ನೆಲದಿಂದ ಎತ್ತರವಾಗಿ, ಬಲವಾದ ಇಂಜಿನಿನೊಡನೆ ಬರುತ್ತಿದ್ದುದರಿಂದ ನಮ್ಮ ಒರಟು ದಾರಿಗಳಿಗೆ ಅದೇ ಮೇಲೆಂಬ ಅಭಿಪ್ರಾಯ ಬೇರೂರಿತು. ಪೆಟ್ರೋಲಿನ ಖರ್ಚಿಗೆ ಹೆದರುವವರು ಸಣ್ಣ ಇಂಗ್ಲಿಷ್ ಗಾಡಿಯನ್ನು ಮೆಚ್ಚಿದರು.

ಸ್ವದೇಶಿ ಕಾರಖಾನೆಯ ಕನಸನ್ನು ಮೊದಲು ಕ್ರಮಬದ್ಧವಾಗಿ ಕಂಡವರಲ್ಲಿ ಕನ್ನಡಿಗರೊಬ್ಬರು ಮುಖ್ಯರು ಎಂಬುದನ್ನು ಇಲ್ಲಿ ಹೇಳದಿರುವುದು ಸರಿಯಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವೆ ಯೂರೋಪು, ಅಮೆರಿಕಗಳ ಕಾರಖಾನೆಗಳನ್ನು ಕಂಡು ಬಂದು, ಮುಂಬಯಿಯಲ್ಲಿ ಮೋಟಾರು ಕಾರಖಾನೆಯೊಂದನ್ನು ಕಟ್ಟುವ ಯೋಜನೆಯನ್ನು ಸಿದ್ಧಪಡಿಸಿದರು. ವಾಲಚಂದ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಯುದ್ಧ ಬಂದಿತು, ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ 1939ರಲ್ಲಿ ರಾಜೀನಾಮೆ ಕೊಟ್ಟಿತು, ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರಕಾರ ಆಸಕ್ತಿ ತೋರಿಸಿದರೂ ಭಾರತ ಸರಕಾರ ಬೆಂಬಲ ಕೊಡಲಿಲ್ಲ. ಅದೇ ವಾಲಚಂದರು ಮೈಸೂರು ಸರಕಾರದ ಸಹಕಾರದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರಖಾನೆಯನ್ನು ಸ್ಥಾಪಿಸಿದರು. ಮೋಟಾರು ತಯಾರಿಸಲು ಅನುಮತಿ ದೊರೆಯದ ನಾಡಿಗೆ ವಿಮಾನ ಜೋಡಿಸಲು ಅನುಮತಿ ದೊರೆತದ್ದು ಯುದ್ಧದ ಅಗತ್ಯದಿಂದ. ವಿಶ್ವೇಶ್ವರಯ್ಯನವರ ಆಲೋಚನೆಯೆಲ್ಲ ಉತ್ಪಾದನೆಯ ಕಡೆಗಿದ್ದಿತು. ಗಾಡಿ ದೇಶದಲ್ಲಿಯೇ ತಯಾರಾದರೆ ಉಳಿದದ್ದು ತಾನಾಗಿ ಬರುವುದೆಂಬ ನಂಬಿಕೆ ಆ ತಲೆಮಾರಿನ ಎಲ್ಲರಲ್ಲಿಯೂ ಕಾಣುತ್ತದೆ. ಈ ನಂಬಿಕೆ ಅರ್ಧ ಮಾತ್ರ ಸತ್ಯವಾಯಿತು.

ಸ್ವಾತಂತ್ರ್ಯ ಬಂದ ಹೊತ್ತಿಗೆ ಹಿಂದುಸ್ತಾನ್ ಮೋಟಾರ್ಸ್ (1942), ಪ್ರೀಮಿಯರ್ ಆಟೊಮೊಬೈಲ್ಸ್ (1944) ಕಂಪನಿಗಳು ಸ್ಥಾಪಿತವಾಗಿದ್ದವು. 1949ರಲ್ಲಿ ಪೂರ್ತಿ ಸಿದ್ಧವಾದ ಗಾಡಿಗಳ ಆಮದನ್ನು ನಿಷೇಧಿಸಲಾಯಿತು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಭಾಗಗಳನ್ನು ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿಲ್ಲದ ಕಂಪನಿಗಳಿಗೆ ಸ್ಥಳವಿಲ್ಲವೆಂದಾಯಿತು. ಜನರಲ್ ಮೋಟಾರ್ಸ್ 1954ರಲ್ಲಿ ಮುಂಬಯಿಯ ಜೋಡಣಾ ಶಾಲೆಯನ್ನು ಮುಚ್ಚಿತು. ಫೋರ್ಡ್ ಕೂಡ ಹಿಂತೆಗೆಯಿತು. ದೇಶದ ತುಂಬ ಓಡುತ್ತಿದ್ದ ಷೆವರ್ಲೆ, ಫೋರ್ಡ್ ಗಾಡಿಗಳ ಮಾಲೀಕರು ಒಮ್ಮೆಗೇ ಅನಾಥರಾದರು. ಹಳೆಯ ಗಾಡಿಯ ಒಂದು ಭಾಗವನ್ನು ಇನ್ನೊಂದಕ್ಕೆ ಹೊಂದಿಸುವ, ಕೆಟ್ಟ ಹಲ್ಲಿನ ಚಕ್ರಕ್ಕೆ ಬೆಸುಗೆ ಹಾಕಿ ಮತ್ತೆ ಕಡೆಯುವ ವಿದ್ಯೆ ನಮ್ಮ ಊರೂರ ಗ್ಯಾರೇಜುಗಳಲ್ಲಿ ಬೆಳೆದುದಕ್ಕೆ ಈ ಅನಾಥಸ್ಥಿತಿಯೇ ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

ಅಲ್ಲಿಂದ ಮುಂದೆ ಮೂವತ್ತು ವರ್ಷ ಕಾರು ಕೊಳ್ಳುವವನ ಮುಂದೆ ಇದ್ದುದು ಮೂರೇ ದಾರಿ: ಉತ್ತರಪಾಡದಲ್ಲಿ 1957ರಿಂದ ತಯಾರಾದ ಅಂಬಾಸಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಕಾದು ಪಡೆದ ಗಾಡಿಯನ್ನು ಕಂಡು ಗ್ರಾಹಕರು ಗೊಣಗಿದ್ದು ಎಷ್ಟೆಂದರೆ, 1967ರಲ್ಲಿ ಕಾರುಗಳ ಗುಣಮಟ್ಟವನ್ನು ವಿಚಾರಿಸುವುದಕ್ಕಾಗಿಯೇ ಸರಕಾರ ಒಂದು ಸಮಿತಿಯನ್ನು ನೇಮಿಸಬೇಕಾಯಿತು. ಇದಕ್ಕೆ ಮುಂಚೆ 1960ರಲ್ಲಿ ಎಲ್. ಕೆ. ಝಾ ಅವರ ಸಮಿತಿ ಅಗ್ಗದ ಸಣ್ಣ ಕಾರಿನ ಮಾತೆತ್ತಿತ್ತು. ವಿದೇಶಿ ರಾಯಭಾರಿಗಳು ಬಿಟ್ಟುಹೋಗುವ ಹಳೆಯ ಕಾರುಗಳನ್ನು ರಾಜ್ಯ ವ್ಯಾಪಾರ ನಿಗಮ ಮಾರುತ್ತಿದ್ದುದೂ, ಅವುಗಳಿಗಾಗಿ ಶ್ರೀಮಂತರು ಪೈಪೋಟಿ ನಡೆಸುತ್ತಿದ್ದುದೂ ಆ ಕಾಲದ ಅಭಿಪ್ರಾಯಕ್ಕೆ ಹಿಡಿದ ಕನ್ನಡಿ.

ಆದರೆ ಗೊಣಗಾಟದಿಂದಲೇ ಅಭಿಪ್ರಾಯವನ್ನು ಅಳೆಯುವುದು ತಪ್ಪಾದೀತು. ಬಾಗಿಲು ಸರಿಯಾಗಿ ಮುಚ್ಚದು, ಮಳೆಯ ನೀರು ಒಳಕ್ಕೆ ಸೋರುವುದು, ಎಣ್ಣೆ ಕುಡಿಯುವುದು ಎಂದು ಬೈಸಿಕೊಂಡ ಅದೇ ಅಂಬಾಸಡರಿಗೆ ಹಳ್ಳಿಗಾಡಿನಲ್ಲಿ ಎಲ್ಲಿಲ್ಲದ ಮರ್ಯಾದೆಯಿತ್ತು. ಅದರ ಮಾದರಿ ವರ್ಷವರ್ಷಕ್ಕೆ ಬದಲಾಗಲಿಲ್ಲ. ನಗರದ ಶೋಕಿಗಾರನಿಗೆ ಇದು ದೊಡ್ಡ ದೋಷ. ಲಿಂಗಸುಗೂರಿನ ಮಿಸ್ತ್ರಿಗೆ ಇದೇ ದೊಡ್ಡ ಗುಣ. ಹದಿನೈದು ವರ್ಷದ ಹಿಂದೆ ಕಲಿತ ಕೈಗೆಲಸ ಇಂದಿಗೂ ಸಾಗುತ್ತದೆ, ಹಳೆಯ ಗಾಡಿಯ ಭಾಗ ಹೊಸತಕ್ಕೆ ಕೂಡುತ್ತದೆ. ಒಂದೇ ವಸ್ತುವಿನ ವಿಷಯದಲ್ಲಿ ಎರಡು ವಿರುದ್ಧ ಅಭಿಪ್ರಾಯಗಳು ಎರಡೂ ಸತ್ಯವಾಗಿರಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನಮಗೆ ತಿಳಿದಿಲ್ಲ. ಜೀಪಿನ ಕಥೆಯೂ ಹೆಚ್ಚುಕಡಿಮೆ ಇದೇ. ಮಹೀಂದ್ರ ಕಂಪನಿ 1947ರಿಂದ ಅಮೆರಿಕದ ವಿಲ್ಲಿಸ್ ಮಾದರಿಯನ್ನು ಮೊದಲು ಜೋಡಿಸಿ ಕ್ರಮೇಣ ತಯಾರಿಸಿತು. ನೀರಾವರಿ ಇಲಾಖೆಯ ಇಂಜಿನಿಯರು ಏರಿ ಬಂದ ಜೀಪನ್ನು ಕಾಲುವೆಯ ದಂಡೆಯ ಜನ ವಿದೇಶಿಯೆಂದೂ ಎಣಿಸಲಿಲ್ಲ, ಸ್ವದೇಶಿಯೆಂದೂ ಎಣಿಸಲಿಲ್ಲ. ಅದು ಸರಕಾರದ ಗಾಡಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ತುಂಗಭದ್ರಾ ಅಣೆಕಟ್ಟಿನ ಕಾರ್ಯ 1945ರಲ್ಲಿ ಹೈದರಾಬಾದು, ಮದರಾಸು ಸರಕಾರಗಳ ಜಂಟಿ ಯೋಜನೆಯಾಗಿ ಆರಂಭವಾಯಿತು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಎಡದಂಡೆಯ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದವಾಗಿ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾದು ರಾಯಚೂರಿನ ಕಡೆಗೆ ಸಾಗುತ್ತದೆ. ಯೋಜನೆ ಮಾಡಿದವರ ಉದ್ದೇಶ ಬರದ ನಾಡಿನಲ್ಲಿ ಜೋಳ, ಹತ್ತಿ ಮೊದಲಾದ ಮಿತನೀರಿನ ಬೆಳೆಗಳನ್ನು ರಕ್ಷಿಸುವುದು. ಭತ್ತಕ್ಕೆ ಅಲ್ಪ ಪ್ರದೇಶವನ್ನಷ್ಟೇ ಬಿಟ್ಟಿದ್ದರು. ಆದದ್ದು ಬೇರೆ. ಕರಾವಳಿ ಆಂಧ್ರದಿಂದ ಭತ್ತದ ಬೇಸಾಯದಲ್ಲಿ ಪಳಗಿದ ಕುಟುಂಬಗಳು ಬಂದು ನೆಲ ಕೊಂಡು ನೆಲೆಸಿದವು. ಅವರ ವಸತಿಗಳೇ ಇಂದು ಈ ಸೀಮೆಯ ತುಂಬ ಕಾಣುವ ಕ್ಯಾಂಪುಗಳು. ಸ್ಥಳೀಕರೂ ಅವರನ್ನು ನೋಡಿ ಗದ್ದೆ ಮಾಡಿದರು. ಮೇಲ್ಭಾಗದಲ್ಲಿ ಭತ್ತ ಹೆಚ್ಚಿ ಕೊನೆಯಂಚಿನ ಮಾನ್ವಿ, ರಾಯಚೂರುಗಳಿಗೆ ನೀರು ಮುಟ್ಟದಾದ ದುಃಖದ ಇತಿಹಾಸ ಬೇರೆಯೇ ಬರೆಯತಕ್ಕದ್ದು.

ಇಲ್ಲಿ ನಮಗೆ ಬೇಕಾದದ್ದು ಇಷ್ಟು: ಒಣಬೇಸಾಯದ ಕಾಲದಲ್ಲಿ ಕುಂಟೆ, ಕೂರಿಗೆಗಳೊಡನೆ ಎತ್ತುಗಳು ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸವನ್ನು, ನೀರು ಬಿಟ್ಟೊಡನೆ ಎಲ್ಲರೂ ಒಂದೇ ಸಮಯದಲ್ಲಿ, ಕೆಲವೇ ದಿನಗಳಲ್ಲಿ ಮುಗಿಸಬೇಕಾಯಿತು. ಟ್ರ್ಯಾಕ್ಟರು ಈ ಅವಸರದ ಕೂಸು.

ದೇಶದಲ್ಲಿ ಟ್ರ್ಯಾಕ್ಟರು ಮೊದಲು ದೊಡ್ಡ ಪ್ರಮಾಣದಲ್ಲಿ ಉಪಯೋಗವಾದುದು ಸರಕಾರದ ಕೈಯಲ್ಲಿ. ಯುದ್ಧಾನಂತರ ಅಮೆರಿಕನ್ ಸೇನೆ ಬಿಟ್ಟುಹೋದ ಯಂತ್ರಗಳಿಂದ ಕೇಂದ್ರ ಟ್ರ್ಯಾಕ್ಟರ್ ಸಂಘಟನೆ ಆರಂಭವಾಯಿತು. ಮಧ್ಯಭಾರತದ ಕಾನ್ಸ್ ಹುಲ್ಲನ್ನು ಬೇರುಸಹಿತ ಕೀಳುವ ಯಂತ್ರಗಳಿಗಾಗಿ 1949ರಲ್ಲಿ ವಿಶ್ವ ಬ್ಯಾಂಕು 1 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. 1959ರಲ್ಲಿ ಐಷರ್ ಕಂಪನಿ ಫರೀದಾಬಾದಿನಲ್ಲಿ ದೇಶದ ಮೊದಲ ಟ್ರ್ಯಾಕ್ಟರನ್ನು ಹೊರತರುವವರೆಗೆ ಎಲ್ಲವೂ ಪರದೇಶದವೇ. ತರುವಾಯ ಮದರಾಸಿನಲ್ಲಿ ಮೆಸ್ಸಿ ಫರ್ಗ್ಯೂಸನ್ ಮಾದರಿ, 1960ರ ದಶಕದ ನಡುವೆ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಹಯೋಗದಿಂದ ತಂದ ಬಿ-275, ಪೋಲೆಂಡಿನ ಉರ್ಸುಸ್ ನೆರವಿನ ಎಸ್ಕಾರ್ಟ್ಸ್, 1971ರಲ್ಲಿ ಚೆಕೊಸ್ಲೊವಾಕಿಯದ ಜೀಟರ್ ಮಾದರಿಯ ಎಚ್.ಎಂ.ಟಿ. ಎಂದು ಸಾಲು ಬೆಳೆಯಿತು. ಇವೆಲ್ಲ ದೇಶದಲ್ಲಿ ತಯಾರಾದರೂ ಕುಲ ಪರದೇಶದ್ದು. ಆಲೋಚನೆಯಿಂದ ತೊಡಗಿ ಎರಕದವರೆಗೆ ಸ್ವದೇಶಿಯೆನ್ನತಕ್ಕ ಟ್ರ್ಯಾಕ್ಟರು ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಸಂಶೋಧನಾಲಯದಲ್ಲಿ ರೂಪುಗೊಂಡು 1974ರಲ್ಲಿ ಪಂಜಾಬಿನಿಂದ ಮಾರುಕಟ್ಟೆಗೆ ಬಂದ ಸ್ವರಾಜ್.

ಬೇಡಿಕೆ ತಯಾರಿಕೆಯನ್ನು ಮೀರಿದ್ದಿತು. ಆದಕಾರಣ 1960ರ ದಶಕದಲ್ಲಿಯೂ 70ರ ದಶಕದ ಮೊದಲ ವರ್ಷಗಳಲ್ಲಿಯೂ ಪೂರ್ವ ಯೂರೋಪಿನಿಂದ, ಸೋವಿಯತ್ ಒಕ್ಕೂಟದಿಂದ ಟ್ರ್ಯಾಕ್ಟರುಗಳು ಬಂದವು. ಡಾಲರನ್ನಾಗಲಿ ಪೌಂಡನ್ನಾಗಲಿ ತೆರದೆ ರೂಪಾಯಿಯಲ್ಲಿಯೇ ಲೆಕ್ಕ ಚುಕ್ತಾ ಮಾಡುವ ವ್ಯಾಪಾರ ಒಪ್ಪಂದಗಳು ಆ ದೇಶಗಳೊಡನೆ ಇದ್ದುದೇ ಇದಕ್ಕೆ ಕಾರಣ. ಅಂದರೆ ಯಾವ ಯಂತ್ರ ಎರೆಭೂಮಿಗೆ ಒಗ್ಗುತ್ತದೆ ಎಂಬ ವಿಚಾರಕ್ಕಿಂತ ಯಾವ ದೇಶದ ಹಣ ನಮ್ಮಲ್ಲಿದೆ ಎಂಬ ವಿಚಾರ ಆಯ್ಕೆಯನ್ನು ನಿರ್ಧರಿಸಿತು. ಇವುಗಳ ಹಂಚಿಕೆಯಲ್ಲಿ ರಾಜ್ಯದ ಕೃಷಿ ಕೈಗಾರಿಕಾ ನಿಗಮಗಳಿಗೆ ಪಾಲಿತ್ತು. ನಮ್ಮ ರಾಜ್ಯದ ನಿಗಮ ಸ್ಥಾಪಿತವಾದುದು 1967ರಲ್ಲಿ.

ವಿದೇಶಿ ಯಂತ್ರದ ಕೀರ್ತಿ ಏರಿದ್ದೂ ಇಳಿದದ್ದೂ ಈ ಹತ್ತು ಹದಿನೈದು ವರ್ಷಗಳಲ್ಲಿಯೇ. ಏರಿದ್ದಕ್ಕೆ ಕಾರಣ ಸ್ಪಷ್ಟ: ಪೂರ್ವ ಯೂರೋಪಿನ ಯಂತ್ರಗಳ ಎರಕ ಭಾರವಾದದ್ದು, ಉಕ್ಕು ಗಟ್ಟಿ, ಎಳೆಯುವ ಶಕ್ತಿ ಹೆಚ್ಚು. ಆಳವಾಗಿ ಉಳುವುದಕ್ಕೆ ಅವು ಸರಿಸಾಟಿಯಿಲ್ಲದವು ಎಂಬ ಮಾತನ್ನು ಹಳೆಯ ಮಾಲೀಕರ ಬಾಯಲ್ಲಿ ಈಗಲೂ ಕೇಳಬಹುದು. ಇಳಿದದ್ದು ಏಕೆಂದು ತಿಳಿಯಲು ಭತ್ತದ ಗದ್ದೆಯ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಗದ್ದೆಗೆ ನೀರು ನಿಲ್ಲಿಸಿ ಕೆಸರು ಮಾಡುವಾಗ ಹಿಂದಿನ ಟೈರುಗಳಿಗೆ ಕಬ್ಬಿಣದ ಪಟ್ಟಿಗಳ ಪಂಜರದಂಥ ಚಕ್ರಗಳನ್ನು ಕಟ್ಟುತ್ತಾರೆ. ಈ ಚಕ್ರ ಕೆಸರನ್ನು ಕಲಕುತ್ತ ಸಾಗುವಾಗ ಹಿಂದಿನ ಅಚ್ಚಿನ ಮೇಲೆ ಬೀಳುವ ತಿರುಚುವ ಹೊರೆ ಒಣ ಉಳುಮೆಯಲ್ಲಿ ಬೀಳುವುದಕ್ಕಿಂತ ಬಹಳ ಹೆಚ್ಚು. ಮುಂದಿನ ಚಕ್ರಗಳ ಗುಂಬ ಕೆಸರಿನಲ್ಲಿ ಮುಳುಗಿ, ಎಣ್ಣೆ ಕಾಯುವ ಮುಚ್ಚಿಗೆ ಸವೆದೊಡನೆ ಬೇರಿಂಗಿಗೆ ಮಣ್ಣು ಹೊಗುತ್ತದೆ. ಒಣಬಗೆಯ ಬ್ರೇಕಿನ ಬಿಲ್ಲೆಗಳಿಗೆ ನೀರು ತಗುಲಿ ತುಕ್ಕು ಹಿಡಿಯುತ್ತದೆ. ದಿನವಿಡೀ ಕ್ಲಚ್ಚು ಒತ್ತಿ ಬಿಟ್ಟು ತಿರುಗಿಸುವುದರಿಂದ ಅದರ ತಟ್ಟೆ ಬೇಗ ಸುಟ್ಟುಹೋಗುತ್ತದೆ. ಗೋದಿಯ ಒಣನೆಲಕ್ಕಾಗಿ, ಶೀತದೇಶದಲ್ಲಿ ಯೋಚಿಸಿ ಮಾಡಿದ ಯಂತ್ರ ಸ್ವದೇಶಿಯಾಗಲಿ ವಿದೇಶಿಯಾಗಲಿ ಈ ಕೆಲಸದಲ್ಲಿ ಕೆಡುವುದು ಸಹಜ. ಕೆಟ್ಟಾಗ ಬೇಕಾಗುವುದು ದೊಡ್ಡ ಭಾಗಗಳೇನೂ ಅಲ್ಲ: ಒಂದು ಮುಚ್ಚಿಗೆ, ಒಂದು ಬೇರಿಂಗು, ಒಂದು ಕ್ಲಚ್ಚಿನ ತಟ್ಟೆ. ರೂಪಾಯಿ ಒಪ್ಪಂದದಲ್ಲಿ ಬಂದ ಗಾಡಿಗಳ ಹಿಂದೆ ಈ ಸಣ್ಣ ಭಾಗಗಳು ಸಾಕಷ್ಟು ಬರಲಿಲ್ಲ. ಬಂದವು ರಾಜಧಾನಿಯ ಉಗ್ರಾಣವನ್ನು ದಾಟಿ ತಾಲ್ಲೂಕನ್ನು ಮುಟ್ಟಲು ದಿನಗಳು ಬೇಕಾದವು. ನೀರು ಬಿಟ್ಟ ಹದಿನೈದು ದಿನಗಳಲ್ಲಿ ಒಂದು ವಾರ ಹೀಗೆ ಕಳೆದರೆ ಉಳಿಯುವುದೇನು?

ಸ್ವದೇಶಿ ಯಂತ್ರಗಳು ಗೆದ್ದದ್ದು ಈ ಸ್ಥಳದಲ್ಲಿ. ಅವು ಹೆಚ್ಚು ಗಟ್ಟಿಯಾಗಿದ್ದವೆಂದಾಗಲಿ ಹೆಚ್ಚು ಚೆನ್ನಾಗಿದ್ದವೆಂದಾಗಲಿ ವಾದಿಸಲು ನಾವು ಸಿದ್ಧರಿಲ್ಲ. ಬಿ-275 ಮಾದರಿಯ, ಮೆಸ್ಸಿ ಮಾದರಿಯ ಭಾಗಗಳನ್ನು ಲೂಧಿಯಾನ, ದೆಹಲಿ ಮೊದಲಾದೆಡೆಗಳ ಸಣ್ಣ ಕಾರಖಾನೆಗಳು ತಯಾರಿಸಲು ಕಲಿತುದರಿಂದ ಕಂಪನಿಯ ಮಾಲು ಸಿಗದಿದ್ದರೆ ಬಜಾರಿನ ಮಾಲು ಸಿಕ್ಕುತ್ತಿದ್ದಿತು. ಆ ಬಜಾರಿನ ಮಾಲು ಬಹಳ ಸಲ ಕಳಪೆ. ಆದರೂ ಒಂದು ಹಂಗಾಮು ದಾಟಿಸುತ್ತಿದ್ದಿತು. ಕಂಪನಿಯವರು ನಕಲಿ ಭಾಗಗಳ ವಿರುದ್ಧ ಎಷ್ಟು ಜಾಹೀರಾತು ಕೊಟ್ಟರೂ ಅವರ ಗಾಡಿಗಳ ಜನಪ್ರಿಯತೆಗೆ ಆ ನಕಲಿ ಭಾಗಗಳೇ ಅಡಿಗಲ್ಲಾದವು ಎಂಬುದು ಇತಿಹಾಸದ ವಿನೋದಗಳಲ್ಲೊಂದು.

ವಿತರಕರ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಕೊರತೆಯ ಕಾಲದ ವಿತರಕ ಮಾರಾಟಗಾರನಾಗಿರಲಿಲ್ಲ, ಸರದಿಯ ಕಾವಲುಗಾರನಾಗಿದ್ದನು. ಗ್ರಾಹಕನೇ ಅವನನ್ನು ಓಲೈಸಬೇಕು. ಗಾಡಿ ಕೈಗೆ ಬಂದ ಮೇಲೆ ಉಚಿತ ಸರ್ವಿಸಿನ ಚೀಟಿಗಳೇನೋ ಕೊಡಲ್ಪಡುತ್ತಿದ್ದವು. ಅವುಗಳನ್ನು ಉಪಯೋಗಿಸಲು ರಾಯಚೂರಿಗೋ ಬಳ್ಳಾರಿಗೋ ಗಾಡಿಯನ್ನು ಒಯ್ಯಬೇಕಾದರೆ ಉಚಿತವೆಂಬ ಶಬ್ದಕ್ಕೆ ಅರ್ಥವಿಲ್ಲ. ಖಾತರಿ ಪತ್ರ ಇಂಗ್ಲಿಷಿನಲ್ಲಿ. ಯಾವ ಭಾಗಕ್ಕೆ ಖಾತರಿಯಿದೆ, ಯಾವುದಕ್ಕಿಲ್ಲ, ಕೆಸರಿನ ಕೆಲಸದಿಂದ ಕೆಟ್ಟದ್ದು ತಯಾರಿಕೆಯ ದೋಷವೋ ಉಪಯೋಗಿಸಿದವನ ದೋಷವೋ ಎಂಬುದನ್ನೆಲ್ಲ ಅದರ ಹಿಂಬದಿಯ ಸಣ್ಣ ಅಕ್ಷರಗಳು ನಿರ್ಣಯಿಸುತ್ತಿದ್ದವು; ರೈತನು ಅದರ ಕೆಳಗೆ ರುಜು ಹಾಕಿ ಬರುತ್ತಿದ್ದನು. ಭೂ ಅಭಿವೃದ್ಧಿ ಬ್ಯಾಂಕಿಗೆ ಜಮೀನನ್ನು ಒತ್ತೆಯಿಟ್ಟು ಸಾಲ ತಂದವನಿಗಂತೂ ಗಾಡಿ ನಿಂತರೂ ಕಂತು ನಿಲ್ಲದು. ಯಂತ್ರದ ದೋಷವು ನೆಲದ ಒಡೆತನದವರೆಗೆ ಹೋಗಿ ಮುಟ್ಟುವ ದಾರಿ ಇದು. ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಲ್ಲಿ ಸ್ಥಾಪಿತವಾದ ಸರಕಾರದ ಕೇಂದ್ರವು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತ ಬಂದಿದೆ. ಆ ವರದಿಗಳು ಪ್ರಾಮಾಣಿಕವಾದವು, ಉಪಯುಕ್ತವಾದವು. ಆದರೆ ಯಂತ್ರ ಎಷ್ಟು ಎಣ್ಣೆ ಕುಡಿಯುತ್ತದೆ, ಎಷ್ಟು ಎಳೆಯುತ್ತದೆ ಎಂದು ಅವು ಹೇಳಬಲ್ಲವು; ತುರ್ವಿಹಾಳದಲ್ಲಿ ಅದರ ಮುಚ್ಚಿಗೆ ಸಿಕ್ಕುವುದೋ ಇಲ್ಲವೋ ಎಂದು ಹೇಳಲಾರವು.

ಕಾನೂನಿನ ಆಸರೆ ತಡವಾಗಿ ಬಂದಿತು. 1986ರ ಗ್ರಾಹಕ ರಕ್ಷಣಾ ಅಧಿನಿಯಮದಿಂದ ಜಿಲ್ಲಾ ಮಟ್ಟದಲ್ಲಿ ದೂರು ಕೊಡುವುದು ಸಾಧ್ಯವಾಯಿತು. ಅಲ್ಲಿಯೂ ಒಂದು ತೊಡಕು ಇದ್ದಿತು: ವಾಣಿಜ್ಯದ ಉದ್ದೇಶಕ್ಕೆ ಕೊಂಡವನು ಗ್ರಾಹಕನೇ ಅಲ್ಲವೆಂದು ಆ ಕಾಯಿದೆ ಹೇಳುತ್ತದೆ. ತನ್ನ ಹೊಲ ಮುಗಿಸಿ ನೆರೆಯವನ ಹೊಲಕ್ಕೆ ಬಾಡಿಗೆಗೆ ಟ್ರ್ಯಾಕ್ಟರು ಹೂಡುವ ರೈತ ವಾಣಿಜ್ಯ ಮಾಡಿದನೋ ಇಲ್ಲವೋ? 1993ರ ತಿದ್ದುಪಡಿ, ಸ್ವಂತ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ತಾನೇ ಉಪಯೋಗಿಸಿದ ವಸ್ತುವನ್ನು ಈ ಹೊರಗಿಡುವಿಕೆಯಿಂದ ಬಿಡಿಸಿತು. 1995ರಲ್ಲಿ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ವಿಶದಪಡಿಸಿತು. 2019ರ ಹೊಸ ಅಧಿನಿಯಮದಲ್ಲಿಯೂ ಈ ವಿನಾಯಿತಿ ಉಳಿದಿದೆ.

ಕಾರುಗಳ ಕ್ಷೇತ್ರದಲ್ಲಿ ಸರ್ವಿಸಿನ ಮಹತ್ವವನ್ನು ಮೊದಲು ಮನಗಂಡು ವ್ಯಾಪಾರದ ತತ್ತ್ವವಾಗಿಸಿದ್ದು 1983ರ ಡಿಸೆಂಬರಿನಲ್ಲಿ ಮೊದಲ ಕಾರನ್ನು ಹೊರತಂದ ಮಾರುತಿ. ಗಾಡಿ ಜಪಾನಿನ ಸುಜುಕಿಯ ಮಾದರಿ, ಕಂಪನಿ ಆಗ ಭಾರತ ಸರಕಾರದ್ದು, ತಯಾರಿಕೆ ಗುರಗಾಂವದಲ್ಲಿ. 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ಸಡಿಲವಾದ ಮೇಲಂತೂ ಸ್ವದೇಶಿ–ವಿದೇಶಿ ಎಂಬ ಹಳೆಯ ಭೇದ ಗುರುತಿಸಲಾಗದಷ್ಟು ಕಲಸಿಹೋಯಿತು. ಟೊಯೊಟ ಕಂಪನಿ ಕಿರ್ಲೋಸ್ಕರರೊಡನೆ ಕೂಡಿ ನಮ್ಮ ಬಿಡದಿಯಲ್ಲಿಯೇ ಕಾರು ತಯಾರಿಸಿತು. ಅಮೆರಿಕದ ಜಾನ್ ಡಿಯರ್ ಪುಣೆಯ ಬಳಿ ಲಾರ್ಸೆನ್ ಅಂಡ್ ಟೂಬ್ರೊ ಜೊತೆಗೂಡಿ ಟ್ರ್ಯಾಕ್ಟರು ತಯಾರಿಸಿತು. ಇತ್ತ ಎಲ್ಲರೂ ಸ್ವದೇಶಿಯೆಂದು ಬಗೆದಿದ್ದ ಎಚ್.ಎಂ.ಟಿ. ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು ಸರಕಾರ 2016ರಲ್ಲಿ ತೀರ್ಮಾನಿಸಿತು; ಎಸ್ಕಾರ್ಟ್ಸ್ ಕಂಪನಿ 2022ರಲ್ಲಿ ಜಪಾನಿನ ಕುಬೋಟದ ಹತೋಟಿಗೆ ಬಂದಿತು. ಅಮೆರಿಕದ ಹೆಸರಿನ ಗಾಡಿಗೆ ತಾಲ್ಲೂಕಿನಲ್ಲಿ ಭಾಗ ಸಿಕ್ಕುತ್ತದೆ, ಭಾರತ ಸರಕಾರದ ಹೆಸರಿನ ಗಾಡಿಗೆ ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಬೇಕು.

ಇನ್ನೊಂದು ಸಂಗತಿ ಇತಿಹಾಸದ ವಿದ್ಯಾರ್ಥಿಗಳ ಗಮನಕ್ಕೆ ಯೋಗ್ಯವಾದದ್ದು. 1954ರಲ್ಲಿ ಮುಂಬಯಿ ಬಿಟ್ಟ ಜನರಲ್ ಮೋಟಾರ್ಸ್ 1990ರ ದಶಕದಲ್ಲಿ ಮರಳಿ ಬಂದಿತು. 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನು ಮತ್ತೆ ನಿಲ್ಲಿಸಿತು. ಫೋರ್ಡ್ ಕಂಪನಿಯೂ 2021ರ ಸೆಪ್ಟೆಂಬರಿನಲ್ಲಿ ಇಲ್ಲಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಭಾಗಗಳನ್ನೂ ಸರ್ವಿಸನ್ನೂ ಮುಂದುವರಿಸುವೆವೆಂದು ಎರಡೂ ಕಂಪನಿಗಳು ಭರವಸೆ ಕೊಟ್ಟವು. ಆದರೆ ವಿತರಕನಿಗೆ ಹೊಸ ಗಾಡಿಯ ಮಾರಾಟವಿಲ್ಲದೆ ಸರ್ವಿಸಿನಿಂದಲೇ ಅಂಗಡಿ ನಡೆಸುವುದು ಕಷ್ಟ; ಸಣ್ಣ ಊರಿನ ಅಂಗಡಿ ಮೊದಲು ಮುಚ್ಚುತ್ತದೆ. 1954ರ ಮಾಲೀಕನಿಗೆ ಊರಿನ ಮಿಸ್ತ್ರಿ ನೆರವಾದನು. ಗಣಕಯಂತ್ರ ಹಚ್ಚಿ ರೋಗ ಕಂಡುಹಿಡಿಯಬೇಕಾದ ಇಂದಿನ ಇಂಜಿನಿಗೆ ಆ ಮಿಸ್ತ್ರಿಯ ಕೈ ಅಷ್ಟು ಸುಲಭವಾಗಿ ಒಗ್ಗದು. ಈ ದೃಷ್ಟಿಯಿಂದ 2017ರ ಅನಾಥಸ್ಥಿತಿ 1954ರದ್ದಕ್ಕಿಂತ ಕಠಿಣವೆಂದೇ ನಮಗೆ ತೋರುತ್ತದೆ.

ಸಿಂಧನೂರು ಇಂದು ಟ್ರ್ಯಾಕ್ಟರು ವ್ಯಾಪಾರಕ್ಕೆ ಹೆಸರಾದ ಊರು. ಏಷ್ಯ ಖಂಡದಲ್ಲಿಯೇ ಅತಿ ಹೆಚ್ಚು ಟ್ರ್ಯಾಕ್ಟರು ಮಾರಾಟವಾಗುವ ಸ್ಥಳವಿದೆಂಬ ಮಾತು ಪ್ರಚಾರದಲ್ಲಿದೆ. ಊರ ಅಭಿಮಾನದ ಇಂಥ ಮಾತನ್ನು ಇತಿಹಾಸಕಾರ ಮಾತೆಂದೇ ಬರೆದಿಡಬೇಕು. ಬೇರೆ ಬೇರೆ ಕಂಪನಿಗಳ ವಿತರಕರು ಒಂದೇ ಪೇಟೆಯಲ್ಲಿ ನೆರೆದಾಗ ಪೈಪೋಟಿ ಹುಟ್ಟುತ್ತದೆ, ಮಿಸ್ತ್ರಿ ಹಳ್ಳಿಗೇ ಬರುತ್ತಾನೆ. ಕೊರತೆಯ ಕಾಲದಲ್ಲಿ ಗ್ರಾಹಕ ವಿತರಕನ ಬಾಗಿಲಲ್ಲಿ ನಿಂತಂತೆ ಈಗ ಹಂಗಾಮಿನ ಮುಂಚೆ ವಿತರಕನ ಆಳು ಗ್ರಾಹಕನ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಸಾಲವೂ ಅಷ್ಟೇ ಸುಲಭ. ನೆಲದ ವಿಸ್ತಾರಕ್ಕೆ ಮೀರಿದ ಯಂತ್ರ ಮನೆಯ ಮುಂದೆ ನಿಲ್ಲುವುದಕ್ಕೆ ಇದೂ ಕಾರಣ.

ಗ್ರಾಹಕರ ಅಭಿಪ್ರಾಯ ಸರಕಾರದ ನೀತಿಯನ್ನು ಮುಟ್ಟಿದ ಸೂಚನೆ ಒಂದೆಡೆ ಕಾಣುತ್ತದೆ. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1960ರ ದಶಕದ ಕೊನೆಯಿಂದ ಜಪಾನಿನ ಮಿತ್ಸುಬಿಷಿ ನೆರವಿನಿಂದ ಪವರ್ ಟಿಲ್ಲರ್ ತಯಾರಿಸುತ್ತ ಬಂದುದು ಸರಿಯಷ್ಟೆ. ಈ ಶತಮಾನದಲ್ಲಿ ಚೀನದ ಅಗ್ಗದ ಟಿಲ್ಲರುಗಳು ಅದರೊಡನೆ ಸ್ಪರ್ಧೆಗಿಳಿದವು. 2020ರ ಜುಲೈಯಲ್ಲಿ ಕೇಂದ್ರ ಸರಕಾರ ಪವರ್ ಟಿಲ್ಲರುಗಳ ಆಮದನ್ನು ನಿರ್ಬಂಧಿಸಿದಾಗ, ಪರವಾನಗಿ ಬೇಡುವವನಿಗೆ ತರಬೇತಿ, ಮಾರಾಟಾನಂತರದ ಸರ್ವಿಸ್, ಬಿಡಿಭಾಗಗಳ ವ್ಯವಸ್ಥೆ ಇರಬೇಕೆಂಬ ಷರತ್ತನ್ನೂ ವಿಧಿಸಿತು. 1949ರ ಆಮದು ನಿಷೇಧದಲ್ಲಿ ಮುಖ್ಯ ಪ್ರಶ್ನೆ ಗಾಡಿ ಎಲ್ಲಿ ತಯಾರಾಯಿತೆಂಬುದು. ಇಲ್ಲಿ ಅದರ ಜೊತೆಗೆ, ಕೆಟ್ಟಾಗ ಯಾರು ನೋಡುವರೆಂಬ ಪ್ರಶ್ನೆಯೂ ನಿಯಮದ ಭಾಷೆಯಲ್ಲಿ ಸೇರಿತು.

ಕೊಯಿಲಿನ ಯಂತ್ರಗಳ ವಿಷಯದಲ್ಲಿ ಎಡದಂಡೆಯ ರೈತ ಈ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾನೆ. ಕೆಸರಿನಲ್ಲಿಯೂ ಹೂಳದೆ ನಡೆಯುವ, ಪಟ್ಟಿಗಾಲಿಯ ಮೇಲೆ ಸಾಗುವ ಭತ್ತದ ಕೊಯಿಲು ಯಂತ್ರಗಳಲ್ಲಿ ಜರ್ಮನಿಯ ಕ್ಲಾಸ್, ಜಪಾನಿನ ಕುಬೋಟ ಹೆಸರಿನವೂ ಇವೆ, ಪಂಜಾಬಿನವೂ ಇವೆ. ಅವುಗಳಲ್ಲಿ ಬಹಳಷ್ಟು ಈ ಊರಿನವರ ಒಡೆತನದವಲ್ಲ. ಹಂಗಾಮಿಗೆ ತಮಿಳುನಾಡಿನಿಂದ, ಪಂಜಾಬಿನಿಂದ ಲಾರಿಯ ಮೇಲೇರಿ ಬರುತ್ತವೆ. ಚಾಲಕ, ಮಿಸ್ತ್ರಿ, ಹಲ್ಲುಪಟ್ಟಿ ಬೆಲ್ಟುಗಳ ಪೆಟ್ಟಿಗೆ ಎಲ್ಲವೂ ಅವುಗಳ ಸಂಗಡವೇ ಬರುತ್ತದೆ. ರೈತ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುತ್ತಾನೆ. ಯಂತ್ರ ನಿಂತರೆ ಗಂಟೆಯೂ ನಿಲ್ಲುತ್ತದೆ.